ಪಿಕಪ್ ವಾಹನದ ಮಾರ್ಪಾಡು ಮತ್ತು ಹೊರೆಯ ಮಿತಿ

ನಮ್ಮ ಸದಸ್ಯರಲ್ಲಿ ಸಗಟು ವ್ಯಾಪಾರಿಗಳು, ಅಕ್ಕಿ ಮತ್ತು ಬೇಳೆ ಗಿರಣಿಗಳ ಮಾಲೀಕರು, ಸಿಮೆಂಟು-ಕಬ್ಬಿಣದ ವರ್ತಕರು ಹೀಗೆ ಅನೇಕರು ಸ್ವಂತ ಉಪಯೋಗಕ್ಕೆಂದು ಒಂದೆರಡು ಪಿಕಪ್ ವಾಹನಗಳನ್ನು ಇಟ್ಟುಕೊಂಡಿದ್ದಾರೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ತರುವಾಯ ಸಣ್ಣ ಸರಕು ವಾಹನವಿಲ್ಲದೆ ಪೇಟೆಯ ವ್ಯವಹಾರವೇ ಸಾಗದು ಎಂಬಂತಾಗಿದೆ. ವಾಹನ ಕೊಂಡ ಕೆಲವೇ ದಿನಗಳಲ್ಲಿ ಅದನ್ನು ಗ್ಯಾರೇಜಿಗೆ ಒಯ್ದು “ಗಟ್ಟಿ ಮಾಡಿಸುವ” ರೂಢಿಯೂ ನಮ್ಮಲ್ಲಿದೆ. ಹಿಂದಿನ ಅಚ್ಚಿಗೆ ಎರಡು ಪ್ಲೇಟು ಹೆಚ್ಚಾಗಿ ಹಾಕಿಸಿ, ದೊಡ್ಡ ಟೈರು ಜೋಡಿಸಿ, ದಪ್ಪ ಉಕ್ಕಿನ ಬಾಡಿ ಕಟ್ಟಿಸಿದರೆ ವಾಹನವು ಎಷ್ಟು ಅಧಿಕ ಭಾರವನ್ನು ಹೊರಬಲ್ಲದು ಎಂಬುದು ಇಂಥವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳಿತು. ಒಂದು ಕಿಲೋಗ್ರಾಮಿನಷ್ಟೂ ಅಧಿಕವಾಗಿ ಹೊರಲಾರದು. ಬಹುತೇಕ ಸಂದರ್ಭಗಳಲ್ಲಿ ಮೊದಲಿಗಿಂತ ಕಡಿಮೆಯನ್ನೇ ಹೊರಬೇಕಾಗುತ್ತದೆ.

ಇದು ವಿಚಿತ್ರವಾಗಿ ತೋರಬಹುದು. ಆದರೆ ಹೊರೆಯ ಮಿತಿ ಎಂಬುದು ಒಂದು ಕಳೆಯುವ ಲೆಕ್ಕವೆಂಬುದನ್ನು ಗಮನಿಸಿದರೆ ಸಂದೇಹ ಉಳಿಯುವುದಿಲ್ಲ. ನೋಂದಣಿ ಪ್ರಮಾಣಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಎರಡು ತೂಕಗಳು ನಮೂದಾಗಿರುತ್ತವೆ. ಒಂದು, ಸರಕು ಮತ್ತು ಜನರೂ ಸೇರಿದಂತೆ ವಾಹನವು ಮೀರಬಾರದ ಒಟ್ಟು ತೂಕ. ಇನ್ನೊಂದು, ಖಾಲಿ ತೂಕ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ಹೊರೆ. ಒಟ್ಟು ತೂಕವನ್ನು ತಯಾರಕರು ಅಚ್ಚು, ಬ್ರೇಕು, ಚಾಸಿ, ಸ್ಟೀರಿಂಗ್, ಟೈರುಗಳನ್ನು ಪರೀಕ್ಷೆಗೆ ಒಳಪಡಿಸಿ ನಿಗದಿಪಡಿಸಿರುತ್ತಾರೆ. ಗ್ಯಾರೇಜಿನಲ್ಲಿ ಮಾಡುವ ಯಾವ ಕೆಲಸದಿಂದಲೂ ಆ ಸಂಖ್ಯೆ ಮೇಲೇರುವುದಿಲ್ಲ. ಖಾಲಿ ತೂಕವಾದರೋ ಪ್ರತಿಯೊಂದು ಜೋಡಣೆಯಿಂದಲೂ ಏರುತ್ತದೆ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಬಹುಮಂದಿ ಅರಿತಿಲ್ಲ. ಮೋಟಾರು ವಾಹನಗಳ ಕಾಯ್ದೆ, 1988ರ 2ನೆಯ ಕಲಮಿನಲ್ಲಿ ಖಾಲಿ ತೂಕಕ್ಕೆ ಕೊಟ್ಟಿರುವ ವ್ಯಾಖ್ಯೆಯಂತೆ, ಕೆಲಸದ ವೇಳೆ ವಾಹನದೊಂದಿಗೆ ಸಾಮಾನ್ಯವಾಗಿ ಇರುವ ಎಲ್ಲ ಸಲಕರಣೆಗಳೂ ಆ ತೂಕದಲ್ಲಿ ಸೇರುತ್ತವೆ. ಚಾಲಕನ ಮತ್ತು ಸಹಾಯಕನ ತೂಕ ಮಾತ್ರ ಸೇರುವುದಿಲ್ಲ. ಬೇರೆ ಬೇರೆ ಬಾಡಿಗಳನ್ನು ಬದಲಾಯಿಸಿ ಬಳಸುವುದಿದ್ದರೆ ಅವುಗಳಲ್ಲಿ ಅತ್ಯಂತ ಭಾರವಾದುದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆದುದರಿಂದ ಆರ್.ಸಿ.ಯ ಎರಡು ಸಂಖ್ಯೆಗಳ ಅಂತರವೆಲ್ಲ ಸರಕಿಗೇ ಮೀಸಲೆಂದು ತಿಳಿಯುವುದು ತಪ್ಪು. ಮುಂದೆ ಕುಳಿತ ಇಬ್ಬರ ತೂಕವೂ ಅದರಲ್ಲೇ ಹೋಗಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಟ್ಟು ತೂಕ 3,000 ಕೆ.ಜಿ., ಖಾಲಿ ತೂಕ 1,650 ಕೆ.ಜಿ. ಇರುವ ಒಂದು ಪಿಕಪ್ ಇದೆಯೆನ್ನಿ. ಅಂತರ 1,350 ಕೆ.ಜಿ. ಇಬ್ಬರಿಗೆಂದು 150 ಕೆ.ಜಿ. ಕಳೆದರೆ ಸರಕಿಗೆ ಉಳಿಯುವುದು 1,200 ಕೆ.ಜಿ. ಮಾಲೀಕರು 200 ಕೆ.ಜಿ. ತೂಗುತ್ತಿದ್ದ ಮೂಲ ಬಾಡಿಯನ್ನು ಬಿಚ್ಚಿಸಿ 430 ಕೆ.ಜಿ. ತೂಗುವ ಮುಚ್ಚಿದ ಉಕ್ಕಿನ ಪೆಟ್ಟಿಗೆಯನ್ನು ಕೂರಿಸಿದರು. ಹೆಚ್ಚುವರಿ ಪ್ಲೇಟುಗಳಿಗೆ 25, ಮುಂದಿನ ಗಾರ್ಡಿಗೆ 35, ಮೇಲಿನ ಕ್ಯಾರಿಯರಿಗೆ 30 ಕೆ.ಜಿ. ಸೇರಿತು. ಖಾಲಿ ತೂಕ 1,970 ಕೆ.ಜಿ.ಗೆ ಏರಿತು, ಸರಕಿಗೆ ಉಳಿದದ್ದು 880 ಕೆ.ಜಿ. ಮಾತ್ರ. ಆದರೆ “ಗಟ್ಟಿ” ಮಾಡಿಸಿದ ಧೈರ್ಯದಿಂದ ಮಾಲೀಕರು ಒಂದೂವರೆ ಟನ್ ಹೇರಿಸುತ್ತಾರೆ. ಆಗ ರಸ್ತೆಗಿಳಿದ ವಾಹನದ ತೂಕ 3,620 ಕೆ.ಜಿ.; ಮಿತಿಗಿಂತ 620 ಕೆ.ಜಿ. ಅಧಿಕ.

ಈಗ ಪ್ಲೇಟುಗಳ ವಿಷಯಕ್ಕೆ ಬರೋಣ. ಹೊರೆ ಹೇರಿದಾಗ ವಾಹನದ ಹಿಂಭಾಗ ಕುಸಿಯುವುದನ್ನು ಕಂಡು, ದೋಷ ಕಮಾನುಪಟ್ಟಿಯದೇ ಎಂದು ಭಾವಿಸಿ ಹೆಚ್ಚಿನ ಪ್ಲೇಟು ಹಾಕಿಸುತ್ತಾರೆ. ಕುಸಿತವೇನೋ ನಿಲ್ಲುತ್ತದೆ. ಆದರೆ ಭಾರ ಎಲ್ಲಿಗೂ ಹೋಗಿರುವುದಿಲ್ಲ. ಅದೇ ಅಚ್ಚು, ಅದೇ ಬೇರಿಂಗು, ಅದೇ ಚಕ್ರದ ಬೋಲ್ಟುಗಳು ಅದನ್ನು ಹೊರುತ್ತಿರುತ್ತವೆ. ಮೊದಲು ಪಟ್ಟಿ ಬಾಗಿ ತಾನು ನುಂಗುತ್ತಿದ್ದ ಗುಂಡಿಯ ಪೆಟ್ಟು ಈಗ ನೇರವಾಗಿ ಚಾಸಿಗೆ ತಗಲುತ್ತದೆ. ಪಟ್ಟಿಯನ್ನು ಚಾಸಿಗೆ ಜೋಡಿಸಿರುವ ಬ್ರಾಕೆಟ್ಟಿನ ಸುತ್ತಮುತ್ತ ಬಿರುಕು ಬಿಡುವುದು ಇದರಿಂದಲೇ. ಹಿಂಭಾಗ ಕುಸಿಯುವುದು ವಾಹನವು ಕೊಡುವ ಎಚ್ಚರಿಕೆ. ಪ್ಲೇಟು ಹಾಕಿಸುವವರು ಆ ಎಚ್ಚರಿಕೆಯ ಬಾಯನ್ನು ಕಟ್ಟಿದಂತಾಗುತ್ತದೆ.

ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದಿದೆ. ಹಲವು ಪಿಕಪ್ ಮಾದರಿಗಳಲ್ಲಿ ಹಿಂದಿನ ಚಕ್ರಗಳ ಬ್ರೇಕಿಗೆ ಹೋಗುವ ಒತ್ತಡವನ್ನು ಹೊರೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡುವ ಕವಾಟವೊಂದನ್ನು ಅಳವಡಿಸಿರುತ್ತಾರೆ. ಹೊರೆಯನ್ನು ಅದು ಅರಿಯುವುದು ಚಾಸಿಗೂ ಅಚ್ಚಿಗೂ ನಡುವಿನ ಅಂತರದಿಂದ. ಚಾಸಿ ತಗ್ಗಿದರೆ ಹೊರೆ ಇದೆಯೆಂದು ತಿಳಿದು ಹಿಂದಿನ ಬ್ರೇಕನ್ನು ಬಲಪಡಿಸುತ್ತದೆ. ಎತ್ತರದಲ್ಲಿದ್ದರೆ ವಾಹನ ಖಾಲಿ ಇದೆಯೆಂದು ತಿಳಿದು ಒತ್ತಡವನ್ನು ತಗ್ಗಿಸುತ್ತದೆ. ಹೆಚ್ಚುವರಿ ಪ್ಲೇಟಿನಿಂದ ಎತ್ತರದಲ್ಲೇ ನಿಂತ ವಾಹನದಲ್ಲಿ ಪೂರ್ಣ ಹೊರೆಯಿದ್ದರೂ ಈ ಕವಾಟವು ವಾಹನ ಖಾಲಿಯೆಂದೇ ಬಗೆಯುತ್ತದೆ. ಹೀಗಾಗಿ ಬ್ರೇಕು ಅತ್ಯಂತ ಅಗತ್ಯವಿರುವ ಹೊತ್ತಿನಲ್ಲೇ ಹಿಂದಿನ ಚಕ್ರಗಳು ತಮ್ಮ ಪಾಲಿನ ಕೆಲಸವನ್ನು ಪೂರ್ಣವಾಗಿ ಮಾಡುವುದಿಲ್ಲ. ಮೇಲಿನ ಉದಾಹರಣೆಯ ವಾಹನವು ಮಿತಿಗಿಂತ ಐದನೆಯ ಒಂದು ಭಾಗಕ್ಕೂ ಮೀರಿ ಭಾರವಾಗಿದೆ. ಅದೇ ವೇಗದಲ್ಲಿ ಅದನ್ನು ನಿಲ್ಲಿಸಲು ಬ್ರೇಕು ಅಷ್ಟೇ ಪ್ರಮಾಣದಲ್ಲಿ ಅಧಿಕ ಶಾಖವನ್ನು ತಾಳಬೇಕು. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಲೈನರು ಕಾದು ಹಿಡಿತ ಸಡಿಲವಾದ ಅನುಭವವುಳ್ಳ ಚಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೈರಿನ ಮಾತು ಸರಳ. ಪಕ್ಕದ ಗೋಡೆಯ ಮೇಲಿರುವ ಹೊರೆಯ ಸೂಚ್ಯಂಕ 104 ಎಂದಿದ್ದರೆ ಆ ಟೈರು 900 ಕೆ.ಜಿ. ಹೊರಬಲ್ಲದು, 110 ಎಂದಿದ್ದರೆ 1,060 ಕೆ.ಜಿ. ಟೈರು ಬದಲಾಯಿಸಿದ್ದರಿಂದ ಟೈರಿನ ಸಾಮರ್ಥ್ಯ ಹೆಚ್ಚಿತೇ ಹೊರತು ಅಚ್ಚಿನದಲ್ಲ. ಸರಪಳಿಯ ಒಂದು ಕೊಂಡಿಯನ್ನು ದಪ್ಪ ಮಾಡಿಸಿದರೆ ಉಳಿದ ಕೊಂಡಿಗಳು ದಪ್ಪವಾಗುವುದಿಲ್ಲವಷ್ಟೆ.

ಬಾಡಿಯನ್ನು ಹಿಂದಕ್ಕೆ ಉದ್ದ ಮಾಡಿಸುವವರು ಸನ್ನೆಕೋಲಿನ ತತ್ತ್ವವನ್ನು ನೆನೆಯಬೇಕು. ಎರಡು ಅಚ್ಚುಗಳ ನಡುವಿನ ಅಂತರ 2,500 ಮಿ.ಮೀ. ಇರುವ ವಾಹನದಲ್ಲಿ, ಹಿಂದಿನ ಅಚ್ಚಿಗಿಂತ 500 ಮಿ.ಮೀ. ಹಿಂದೆ 300 ಕೆ.ಜಿ. ಇಟ್ಟರೆ ಹಿಂದಿನ ಅಚ್ಚಿನ ಮೇಲೆ ಬೀಳುವುದು 360 ಕೆ.ಜಿ.; ಮುಂದಿನ ಅಚ್ಚಿನಿಂದ 60 ಕೆ.ಜಿ. ಎತ್ತಿಹೋಗುತ್ತದೆ. ಮುಂದಿನ ಚಕ್ರ ಹಗುರವಾದಷ್ಟೂ ಸ್ಟೀರಿಂಗಿನ ಹಿಡಿತ ತಪ್ಪುತ್ತದೆ. ಹಿಂಬದಿಯ ಚಾಚು ಅಚ್ಚುಗಳ ನಡುವಿನ ಅಂತರದ ಶೇ. 60ನ್ನು ಮೀರಕೂಡದೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 93ನೆಯ ನಿಯಮ ಹೇಳುತ್ತದೆ.

ಇನ್ನು ಕಾನೂನು. 1988ರ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿಸಲಾದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಿತು.

ನಮ್ಮ ಸದಸ್ಯರು ವಿಶೇಷವಾಗಿ ಗಮನಿಸಬೇಕಾದುದು 113ನೆಯ ಕಲಮು. ಹೊರೆ ಸಹಿತವಾದ ತೂಕ ಆರ್.ಸಿ.ಯ ಮಿತಿಯನ್ನು ಮೀರಬಾರದೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಖಾಲಿ ತೂಕವೂ ಆರ್.ಸಿ.ಯಲ್ಲಿ ನಮೂದಾದುದನ್ನು ಮೀರಬಾರದೆಂದು ಅದೇ ಕಲಮು ಹೇಳುತ್ತದೆ. ಎಂದರೆ, ಉದಾಹರಣೆಯ ವಾಹನವು ಒಂದು ಚೀಲವೂ ಇಲ್ಲದೆ ಗೋದಾಮಿಗೆ ಹಿಂದಿರುಗುತ್ತಿರುವಾಗಲೂ ಅಪರಾಧಕ್ಕೆ ಒಳಗಾಗಿರುತ್ತದೆ. ಚಾಲಕ ಬೇರೆ, ಮಾಲೀಕರು ಬೇರೆ ಆಗಿದ್ದಲ್ಲಿ, ಅಪರಾಧವು ಮಾಲೀಕರ ಅರಿವಿನಲ್ಲಿ ಅಥವಾ ಆದೇಶದಂತೆ ನಡೆದಿದೆಯೆಂದು ನ್ಯಾಯಾಲಯವು ಊಹಿಸಬಹುದು. “ಡ್ರೈವರು ಹೇರಿಸಿಕೊಂಡು ಹೋದ, ನನಗೆ ಗೊತ್ತಿಲ್ಲ” ಎಂಬ ಸಮಜಾಯಿಷಿಗೆ ಹೆಚ್ಚಿನ ಬೆಲೆಯಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅಧಿಕ ಭಾರಕ್ಕೆ 20,000 ರೂಪಾಯಿ, ಮೇಲಾಗಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿಯಂತೆ ದಂಡವನ್ನು ಗೊತ್ತುಪಡಿಸಿತು. ಅದಕ್ಕೆ ಮುನ್ನ ಈ ಮೊತ್ತಗಳು ಕ್ರಮವಾಗಿ 2,000 ಮತ್ತು 1,000 ರೂಪಾಯಿ ಇದ್ದವು. ಸ್ಥಳದಲ್ಲೇ ರಾಜಿಯಾಗುವ ಮೊತ್ತವನ್ನು ರಾಜ್ಯ ಸರ್ಕಾರ ಅಧಿಸೂಚನೆಯಿಂದ ನಿಗದಿಪಡಿಸಬಹುದಾದರೂ, ದಂಡ ಕಟ್ಟಿ ಅದೇ ಹೊರೆಯೊಂದಿಗೆ ಮುಂದುವರಿಯಲು ಅವಕಾಶವಿಲ್ಲ. ಹೆಚ್ಚುವರಿ ಸರಕನ್ನು ಅಲ್ಲೇ ಇಳಿಸಬೇಕು, ಇಳಿಸುವ ಖರ್ಚೂ ನಮ್ಮದೇ.

2018ರಲ್ಲಿ ಕೇಂದ್ರ ಸರ್ಕಾರವೇ ಅಚ್ಚಿನ ಭಾರದ ಮಿತಿಯನ್ನು ಏರಿಸಿತಲ್ಲ ಎಂದು ಕೆಲವರು ವಾದಿಸುವುದುಂಟು. ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿ ಆಗ 10.2 ಟನ್ನಿನಿಂದ 11.5 ಟನ್ನಿಗೆ ಏರಿದ್ದು ನಿಜ. ಅದು ಭಾರಿ ಲಾರಿಗಳ ಮಾತು; ಪಿಕಪ್‌ನ ಹಿಂದಿನ ಅಚ್ಚು ಆ ಸಂಖ್ಯೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಅದನ್ನು ಬಿಗಿದಿರುವುದು ಅದರ ತಯಾರಕರು ಕೊಟ್ಟ ಮಿತಿ.

ವಿಮೆಯ ವಿಷಯದಲ್ಲಿ ಅತಿಯಾದ ಭಯವೂ ಬೇಡ, ನಿಶ್ಚಿಂತೆಯೂ ಸಲ್ಲದು. ನಿಗದಿಗಿಂತ ಹೆಚ್ಚು ಜನರನ್ನು ಒಯ್ಯುತ್ತಿದ್ದ ಹಾಸನದ ಸರಕು ವಾಹನವೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಅಷ್ಟಕ್ಕೇ ಪರಿಹಾರವನ್ನು ಸಂಪೂರ್ಣವಾಗಿ ನಿರಾಕರಿಸಲಾಗದೆಂದು ತೀರ್ಮಾನಿಸಿತು. ಆದರೆ 2010ರ ಇನ್ನೊಂದು ತೀರ್ಪಿನಲ್ಲಿ ಉಲ್ಲೇಖಿತವಾದ ವಿಮಾ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, ಮಿತಿ ಮೀರಿದ ಹೊರೆಯಿದ್ದಲ್ಲಿ ದೊರೆಯುವುದು ಅರ್ಹ ಮೊತ್ತದ ಶೇ. 75ನ್ನು ಮೀರದು. ವಾಹನದ ಬೆಲೆಯ ಕಾಲುಭಾಗವೆಂದರೆ ಸಣ್ಣ ವ್ಯಾಪಾರಿಗೆ ಸಣ್ಣ ನಷ್ಟವೇನಲ್ಲ.

ಹಾಗಾದರೆ ಹೆಚ್ಚಿನ ಹೊರೆ ಬೇಕಾದವರು ಮಾಡಬೇಕಾದುದೇನು? ಕೊಳ್ಳುವಾಗಲೇ ತಕ್ಕ ಮಾದರಿಯನ್ನು ಆರಿಸುವುದೊಂದೇ ನೇರ ಮಾರ್ಗ. ಮಹೀಂದ್ರಾ ಬೊಲೆರೊ ಪಿಕಪ್ ಒಂದೇ ಹೆಸರಿನಲ್ಲಿ 1.3 ಟನ್, 1.7 ಟನ್ ಎಂದು ಬೇರೆ ಬೇರೆ ಮಾದರಿಗಳಲ್ಲಿ ಮಾರಾಟವಾಗಿದೆ. ಎರಡೂ ಹೊರನೋಟಕ್ಕೆ ಹತ್ತಿರವಿರುವುದರಿಂದ ಪ್ಲೇಟು ಹಾಕಿಸಿ ಒಂದನ್ನು ಇನ್ನೊಂದಾಗಿಸಬಹುದೆಂಬ ಭ್ರಮೆ ಹುಟ್ಟುತ್ತದೆ. ವಿಶೇಷ ಬಾಡಿ ಬೇಕಾದವರು ಬಾಡಿಯಿಲ್ಲದ ಕ್ಯಾಬ್-ಚಾಸಿಯನ್ನೇ ಕೊಂಡು, ಬಾಡಿ ಕಟ್ಟಿದವರಿಂದ 22-ಎ ನಮೂನೆಯ ಪ್ರಮಾಣಪತ್ರ ಪಡೆದು ನೋಂದಣಿ ಮಾಡಿಸತಕ್ಕದ್ದು. ಆಗ ನಿಜವಾದ ಖಾಲಿ ತೂಕವೇ ಆರ್.ಸಿ.ಯಲ್ಲಿ ಬರುತ್ತದೆ. ಈ ಹಂತದಲ್ಲಿ ಹಗುರವಾದ ಅಲ್ಯೂಮಿನಿಯಂ ಬಾಡಿಯನ್ನು ಆರಿಸಿದರೆ ಉಳಿದ ಪ್ರತಿ ಕಿಲೋವೂ ಸರಕಿಗೆ ಸಿಗುತ್ತದೆ. ಹೊರೆಯನ್ನು ನ್ಯಾಯವಾಗಿ ಹೆಚ್ಚಿಸುವ ಉಪಾಯ ನನಗೆ ತಿಳಿದಂತೆ ಇದೊಂದೇ. ಅನುಮೋದಿತ ಸಿ.ಎನ್.ಜಿ. ಕಿಟ್ಟನ್ನು ಅನುಮತಿ ಪಡೆದು ಹಾಕಿಸಿದರೂ ಸಿಲಿಂಡರಿನ ತೂಕ ಹೊರೆಯಿಂದ ಕಳೆಯಲೇಬೇಕು.

ಈಗಾಗಲೇ ಮಾರ್ಪಾಡು ಮಾಡಿಸಿರುವವರು ಗ್ಯಾರೇಜಿನವರನ್ನು ದೂರಿ ಫಲವಿಲ್ಲ. ಅವರು ಕೇಳಿದ್ದನ್ನು ಮಾಡಿಕೊಟ್ಟಿದ್ದಾರೆ. ಮೊದಲು ವಾಹನವನ್ನು ಖಾಲಿಯಾಗಿ, ಸ್ಟೆಪ್ನಿ ಮತ್ತು ಸಲಕರಣೆಗಳೊಂದಿಗೆ, ಚಾಲಕನನ್ನು ಕೆಳಗಿಳಿಸಿ ಹತ್ತಿರದ ವೇಬ್ರಿಡ್ಜಿನಲ್ಲಿ ತೂಗಿಸಿ ಚೀಟಿ ಪಡೆಯಬೇಕು. ಆ ಸಂಖ್ಯೆ ಆರ್.ಸಿ.ಯದಕ್ಕಿಂತ ಅಧಿಕವಾಗಿದ್ದರೆ, ಕಳಚಬಹುದಾದುದನ್ನು ಕಳಚಿಸಿ ಮೂಲಸ್ಥಿತಿಗೆ ತರಬೇಕು. ಉಳಿಸಿಕೊಳ್ಳಲೇಬೇಕಾದುದರ ಬಗ್ಗೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಲಿಖಿತ ಅನುಮತಿ ಪಡೆಯಬೇಕು. ಬಳಿಕ ಸರಕಿಗೆ ಉಳಿಯುವ ತೂಕವನ್ನು ಗೋದಾಮಿನ ಗುಮಾಸ್ತರಿಗೆ ಚೀಲಗಳ ಲೆಕ್ಕದಲ್ಲಿ ಬರೆದುಕೊಡುವುದು ಉತ್ತಮ. ಏಕೆಂದರೆ ಹೇರಿಸುವವರು ಅವರು, ಮತ್ತು ಅವರು ಎಣಿಸುವುದು ಚೀಲಗಳನ್ನು. ನಮ್ಮ ಉದಾಹರಣೆಯ ವಾಹನದಲ್ಲಿ 50 ಕೆ.ಜಿ.ಯ ಸಿಮೆಂಟಿನ ಚೀಲಗಳು ಮೊದಲು 24 ಹಿಡಿಸುತ್ತಿದ್ದವು. ಉಕ್ಕಿನ ಪೆಟ್ಟಿಗೆ ಕೂರಿಸಿದ ಮೇಲೆ ಹಿಡಿಸುವುದು 17.