240 ವಾಟಿನ ಭಯ

ಬಿ.ಸಿ.ರೋಡಿನಲ್ಲಿ ಮದುವೆಯ ಕರೆಯೋಲೆಗಳನ್ನೂ ಯಕ್ಷಗಾನದ ಕರಪತ್ರಗಳನ್ನೂ ಸಿದ್ಧಪಡಿಸುವ ಡಿಟಿಪಿ ಅಂಗಡಿಗಳಲ್ಲಾಗಲಿ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಪಹಣಿ ತೆಗೆದುಕೊಡುವ ಗ್ರಾಮ ಒನ್ ಕೇಂದ್ರಗಳಲ್ಲಾಗಲಿ, ಮೂಡುಬಿದಿರೆಯ ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳಲ್ಲಾಗಲಿ, ಯಾವುದೋ ದೊಡ್ಡ ಊರಿನ ಕಚೇರಿಯಲ್ಲಿ ಕೆಲವು ವರ್ಷ ದುಡಿದು ಸೆಕೆಂಡ್ ಹ್ಯಾಂಡ್ ಆಗಿ ಇತ್ತ ಬಂದ ಡೆಲ್ ಆಪ್ಟಿಪ್ಲೆಕ್ಸ್‌ನಂಥ ಸಪೂರ ಪೆಟ್ಟಿಗೆಯ ಕಂಪ್ಯೂಟರು ಕಂಡರೆ, ಅದರ ಒಡೆಯನ ಮನಸ್ಸಿನಲ್ಲಿ ಒಂದು ನಂಬಿಕೆ ವೇದವಾಕ್ಯದಂತೆ ನೆಲೆಸಿರುವುದನ್ನೂ ಕಾಣಬಹುದು. ಒಳಗೆ ವಿದ್ಯುತ್ತು ಪೂರೈಸುವ ಎಸ್‌ಎಂಪಿಎಸ್ ಬರಿಯ 240 ವಾಟಿನದು, ಐ7 ಪ್ರೊಸೆಸರು ಹಾಕಿದರೆ ಸುಟ್ಟುಹೋಗುತ್ತದೆ, ಹಾಕಲೇಬೇಕಾದರೆ ಮೊದಲು 500 ವಾಟಿನದನ್ನು ತರಬೇಕು ಎಂಬುದೇ ಆ ನಂಬಿಕೆ. ಈ ಮಾತನ್ನು ಕೇಳಿ ಕೇಳಿ ನನ್ನ ತಾಳ್ಮೆ ತೀರಿದೆ. ಏಕೆಂದರೆ ಇದನ್ನು ನಂಬಿ ಎಷ್ಟೋ ಮಂದಿ, ಅಗ್ಗವಾಗಿ ಆಗಬಹುದಾದ ಕೆಲಸವನ್ನು ಕೈಬಿಟ್ಟು ಹೊಸ ಯಂತ್ರಕ್ಕೆ ಸಾಲ ಮಾಡುತ್ತಾರೆ.

2012ರಲ್ಲಿ ಬಂದ ಆಪ್ಟಿಪ್ಲೆಕ್ಸ್ 7010 ಎಂಬ ಯಂತ್ರವನ್ನೇ ತೆಗೆದುಕೊಳ್ಳೋಣ. ಅದರ ಸಣ್ಣ ಪೆಟ್ಟಿಗೆಯಲ್ಲಿರುವುದು ಈ 240 ವಾಟಿನ ಎಸ್‌ಎಂಪಿಎಸ್. ಅದರಲ್ಲಿ ಐ3-3220 ಇದ್ದರೆ ಆ ಪ್ರೊಸೆಸರಿನ ಟಿಡಿಪಿ, ಅಂದರೆ ಪೂರ್ಣ ದುಡಿಮೆಯಲ್ಲಿ ಅದು ಹೊರಹಾಕುವ ಶಾಖಕ್ಕೆ ಕಂಪೆನಿ ಕೊಡುವ ಅಂಕೆ, 55 ವಾಟ್. ಎಲ್ಲರೂ ಅಂಜುವ ಐ7-3770ರದು 77 ವಾಟ್. ಅಂತರ 22 ವಾಟ್ ಮಾತ್ರ. ಪ್ರೊಸೆಸರಿಗೆ 77, ಮದರ್‌ಬೋರ್ಡು ಮತ್ತು ರ್‍ಯಾಮಿಗೆ ಇಪ್ಪತ್ತೈದರಷ್ಟು, ಹಾರ್ಡ್ ಡಿಸ್ಕಿಗೆ ಹತ್ತು, ಡಿವಿಡಿ ಡ್ರೈವು, ಫ್ಯಾನು, ಯುಎಸ್‌ಬಿಗೆ ಸಿಕ್ಕಿಸಿದ ಸಾಮಾನುಗಳಿಗೆಲ್ಲ ಧಾರಾಳವಾಗಿ ಮತ್ತೊಂದಿಷ್ಟು ಸೇರಿಸಿದರೂ ಲೆಕ್ಕ 150ನ್ನು ಮುಟ್ಟುವುದು ಕಷ್ಟ. ಅಲ್ಲದೆ ಡೆಲ್ ಕಂಪೆನಿಯೇ ಇದೇ ಪೆಟ್ಟಿಗೆಯಲ್ಲಿ, ಇದೇ ಎಸ್‌ಎಂಪಿಎಸ್ ಜೊತೆಗೆ, ಐ7-3770 ಇಟ್ಟು ಮಾರಿದೆ. ಇನ್ನೊಂದು ಸಂಗತಿಯನ್ನು ಹೇಳಲೇಬೇಕು: ಅದಕ್ಕೂ ಹಿಂದಿನ ಜನರೇಷನ್ನಿನ ಐ5-2400ರ ಟಿಡಿಪಿ 95 ವಾಟ್. ಅಂದರೆ ಮೇಲಿನ ದರ್ಜೆಯ ಪ್ರೊಸೆಸರು ಕೆಳಗಿನ ದರ್ಜೆಯ ಹಳೆಯದಕ್ಕಿಂತ ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ದುಡಿಯುವುದೂ ಉಂಟು.

240 ಎಂಬುದು ಎಸ್‌ಎಂಪಿಎಸ್ ಕೊಡಬಲ್ಲ ಗರಿಷ್ಠ ಪ್ರಮಾಣವೇ ಹೊರತು ಅದು ಸದಾ ಎಳೆಯುವ ವಿದ್ಯುತ್ತಲ್ಲ. ‘ನುಡಿ’ ತಂತ್ರಾಂಶದಲ್ಲಿ ಅಕ್ಷರ ಜೋಡಿಸುತ್ತ ಕುಳಿತ ಹೊತ್ತಿನಲ್ಲಿ ಇಂಥ ಯಂತ್ರ ಎಳೆಯುವುದು ಮೂವತ್ತು ನಲವತ್ತು ವಾಟಿನ ಆಸುಪಾಸು. ಇನ್ನು ‘500 ವಾಟಿನದನ್ನು ತನ್ನಿ’ ಎಂಬ ಉಪದೇಶ ಕೊಡುವವರು ಆ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರೆಂದು ನನಗೆ ತೋರುವುದಿಲ್ಲ. ಪೇಟೆಯಲ್ಲಿ ಸಿಗುವ ಎಟಿಎಕ್ಸ್ ಎಸ್‌ಎಂಪಿಎಸ್ ಆ ಸಪೂರ ಜಾಗದಲ್ಲಿ ಹಿಡಿಸುವುದಿಲ್ಲ. ಮುಂದಿನ ಮಾದರಿಯಾದ 9020ರಲ್ಲಂತೂ ಮದರ್‌ಬೋರ್ಡಿಗೆ ಹೋಗುವ ಮುಖ್ಯ ವಯರಿನ ತುದಿ 24 ಪಿನ್ನಿನದಲ್ಲ, ಡೆಲ್‌ನದೇ ಆದ 8 ಪಿನ್ನಿನದು.

ಐ7 ಹಾಕಿದ ಮೇಲೆ ಎಸ್‌ಎಂಪಿಎಸ್ ಕೆಟ್ಟ ನಿದರ್ಶನಗಳಿಲ್ಲವೆ? ಇವೆ. ಆದರೆ ಹತ್ತು ವರ್ಷಕ್ಕೂ ಮೀರಿ ದುಡಿದ ಕೆಪಾಸಿಟರುಗಳು, ಮಳೆಗಾಲಕ್ಕೆ ಮುಂಚಿನ ಸಿಡಿಲು, ಅರ್ತಿಂಗ್ ಇಲ್ಲದ ಹಳೆಯ ಪ್ಲಗ್ಗು, ಕರಾವಳಿಯ ತೇವ ಹಿಡಿದು ಹೆಪ್ಪುಗಟ್ಟಿದ ಧೂಳು ಇವಾವುದನ್ನೂ ವಿಚಾರಿಸದೆ, ಈಚೆಗೆ ಹಾಕಿದ ಪ್ರೊಸೆಸರಿನ ತಲೆಗೇ ತಪ್ಪನ್ನು ಕಟ್ಟುವುದು ನ್ಯಾಯವಲ್ಲ.

ಭಯಪಡಬೇಕಾದ ಸ್ಥಳಗಳು ಬೇರೆ ಇವೆ. ಅಂಗೈಯಗಲದ ಮೈಕ್ರೋ ಅಥವಾ ಮಿನಿ ಪೆಟ್ಟಿಗೆಗಳಲ್ಲಿ, ಹೆಸರಿನ ಕೊನೆಗೆ ‘ಟಿ’ ಇರುವ 35 ವಾಟಿನ ಪ್ರೊಸೆಸರಿಗೆಂದು ಮಾಡಿದ ಹೀಟ್‌ಸಿಂಕು ಮತ್ತು 65 ವಾಟಿನ ಹೊರಗಿನ ಅಡಾಪ್ಟರು ಇರುವಲ್ಲಿ, 65 ವಾಟಿನ ಪ್ರೊಸೆಸರನ್ನು ಕೂರಿಸಿದರೆ ಅದು ಕಾದು, ತನ್ನ ವೇಗವನ್ನು ತಾನೇ ಇಳಿಸಿಕೊಂಡು, ಕೊಟ್ಟ ಹಣವನ್ನು ವ್ಯರ್ಥಗೊಳಿಸುತ್ತದೆ. ಟಿಡಿಪಿಯೇ ಅಂತಿಮ ಎಂಬ ಎದುರು ಪಕ್ಷದ ನಂಬಿಕೆಯೂ ಪೂರ್ತಿ ನಿಜವಲ್ಲ: 12ನೆಯ ಜನರೇಷನ್ನಿನ ಐ7-12700ರ ಮೂಲ ಅಂಕೆ 65 ವಾಟ್ ಆದರೂ ಟರ್ಬೋ ವೇಗದಲ್ಲಿ ಅದು 180ರವರೆಗೆ ಏರಬಲ್ಲದೆಂದು ಇಂಟೆಲ್ ತಾನೇ ಬರೆದಿದೆ. ಗ್ರಾಫಿಕ್ಸ್ ಕಾರ್ಡು ಸೇರಿಸುವವರು ಹೊಸದಾಗಿ ಲೆಕ್ಕ ಹಾಕಬೇಕು. ಸಾಕೆಟ್ಟಿನಲ್ಲಿ ಕೂತರೆ ಸಾಕು, ನಡೆಯುತ್ತದೆ ಎಂಬುದೂ ಸುಳ್ಳು: 7ನೆಯ ಜನರೇಷನ್ನಿಗೂ 8ನೆಯದಕ್ಕೂ 1151 ಸಂಪರ್ಕಬಿಂದುಗಳೇ ಇದ್ದರೂ ಒಂದರ ಮದರ್‌ಬೋರ್ಡಿನಲ್ಲಿ ಇನ್ನೊಂದು ನಡೆಯದು. ಐ7-3770 ಹಾಕಿದರೆ ವಿಂಡೋಸ್ 11 ಅಧಿಕೃತವಾಗಿ ದೊರೆಯುತ್ತದೆಂಬುದೂ ಹುಸಿ.

ನನ್ನನ್ನು ನೋಯಿಸುವುದು ಇಂಥ ನಂಬಿಕೆಗಳ ಹಿಂದಿರುವ ಅಸಡ್ಡೆ. ಅಡಕೆ ತೋಟಕ್ಕೆ ಪಂಪು ಕೊಳ್ಳುವಾಗ ಅದರ ತಗಡಿನ ಮೇಲಿನ ಎಚ್‌ಪಿ, ನೀರೆತ್ತುವ ಎತ್ತರ, ಪೈಪಿನ ಉದ್ದ ಇಷ್ಟನ್ನೂ ಒರೆಗೆ ಹಚ್ಚಿ ನೋಡುವ ನಮ್ಮ ಬೆಳ್ತಂಗಡಿಯ ಕೃಷಿಕನೇ, ಮಗನ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಯಾರೋ ಅಂದದ್ದನ್ನು ಪ್ರಮಾಣವೆಂದು ಒಪ್ಪಿಬಿಡುತ್ತಾನೆ. ಎಸ್‌ಎಂಪಿಎಸ್‌ಗೂ ಅಂಥದೇ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 12 ವೋಲ್ಟಿನ ಎದುರಿಗಿರುವ ಆಂಪಿಯರನ್ನು 12ರಿಂದ ಗುಣಿಸಿದರೆ ಪ್ರೊಸೆಸರಿನ ಕಡೆಗೆ ಎಷ್ಟು ಶಕ್ತಿ ಹರಿಯಬಲ್ಲದೆಂಬುದು ತಿಳಿಯುತ್ತದೆ. ಅಂಥ ಸಾಲುಗಳು ಎರಡು ಮೂರು ಇದ್ದರೆ ಅವನ್ನೆಲ್ಲ ಕೂಡಿಸದೆ, ಕೆಳಗೆ ಕೊಟ್ಟಿರುವ ಒಟ್ಟು ಮಿತಿಯನ್ನು ನೋಡಬೇಕು.

ಲೆಕ್ಕ ಸರಿಹೋದವರು ಧೈರ್ಯವಾಗಿ ಮುಂದುವರಿಯಲಿ. ಹಳೆಯ ಒಣ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಲಿ. 6ನೆಯ ಜನರೇಷನ್ನಿನ ಯಂತ್ರಕ್ಕೆ 7ನೆಯದನ್ನು ಹಾಕುವವರು, ಹಳೆಯ ಪ್ರೊಸೆಸರು ಇನ್ನೂ ಒಳಗಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳತಕ್ಕದ್ದು. ಅದನ್ನು ಬರೆಯುವ ನಡುವೆ ಕರೆಂಟು ಹೋದರೆ ಮದರ್‌ಬೋರ್ಡೇ ನಿಷ್ಪ್ರಯೋಜಕವಾಗುವ ಸಂಭವವಿರುವುದರಿಂದ, ಜೂನ್ ಜುಲೈಗಳಲ್ಲಿ ಈ ಕೆಲಸಕ್ಕೆ ಕೈಹಾಕುವವರು ಬ್ಯಾಟರಿ ಸರಿಯಿರುವ ಯುಪಿಎಸ್ ಇಲ್ಲದೆ ಆರಂಭಿಸಬಾರದು.