ಕಳಸದ ಹುಡುಗಿಗೆ ಹೂವಿನ ದಂಡಿ: ಮನೆಯಲ್ಲೇ ಕಟ್ಟೋದು ಹೆಂಗ, ಏನು ಹುಷಾರಿ ಬೇಕು?

ಗದಗ: ಮದುವೆ ಮನೆಯಲ್ಲಿ ಮದುಮಗಳ ಸಿಂಗಾರಕ್ಕೆ ಬ್ಯೂಟಿ ಪಾರ್ಲರ್‌ನವರನ್ನು ತಿಂಗಳ ಮೊದಲೇ ಗೊತ್ತು ಮಾಡಿರುತ್ತಾರೆ. ಬಾಸಿಂಗ, ಮಾಲೆಗೆ ಹೂಗಾರರಿಗೆ ಹೇಳಿ ಆಗಿರುತ್ತದೆ. ಆದರೆ ಬೀಗರನ್ನು ಎದುರುಗೊಳ್ಳುವಾಗ ಎಲ್ಲರಿಗಿಂತ ಮುಂದೆ ನಿಂತು ಕಳಸ, ಆರತಿ ಹಿಡಿಯುವ ಆರೇಳು ವರ್ಷದ ಹುಡುಗಿಯ ತಲೆಗೆ ಏನು ಅನ್ನೋದು ನೆನಪಾಗುವುದು ಮುಹೂರ್ತದ ದಿನ ಮುಂಜಾನೆ. ಆಗ ಯಾರೋ ಒಬ್ಬರು ಬೈಕ್ ಹತ್ತಿ ಪ್ಯಾಟಿಗೆ ಹೋಗಿ ಪ್ಲಾಸ್ಟಿಕ್ ಹೂವಿನ ಕಿರೀಟ ತರುತ್ತಾರೆ. ನೋಡಾಕ ಚೆಂದ, ರೇಟೂ ಕಡಿಮೆ, ಬಾಡೋದೂ ಇಲ್ಲ.

ಆದರೆ ಆ ಹುಡುಗಿಯ ಕೈಯಲ್ಲಿ ಉರಿಯೋ ದೀಪ ಇರುತ್ತದೆ. ಗಡಿಬಿಡಿಯಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಲಿಸ್ಟರ್ ಬಟ್ಟೆಯ ಹೂವು, ನೈಲಾನ್ ನೆಟ್ಟು, ಪ್ಲಾಸ್ಟಿಕ್ ಎಲೆ ಇವೆಲ್ಲ ಬೆಂಕಿ ತಾಗಿದರೆ ಬರೀ ಸುಡುವುದಿಲ್ಲ, ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಅಂಟಿದ್ದನ್ನು ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ಹಸಿ ಹೂವಿನಲ್ಲಿ ನೀರಿನ ಅಂಶವೇ ಹೆಚ್ಚು. ದೀಪದ ಕುಡಿ ತಾಗಿದರೆ ಬಾಡಿ ಕಪ್ಪಾಗುತ್ತದೆ ವಿನಾ ಒಮ್ಮೆಲೇ ಹೊತ್ತಿಕೊಳ್ಳುವುದಿಲ್ಲ. ಹಂಗಾಗಿ ಕಳಸದ ಹುಡುಗಿಗೆ ಹಸಿ ಹೂವಿನ ದಂಡಿ ಕಟ್ಟೋದು ಬರೀ ಚೆಂದದ ಮಾತಲ್ಲ.

ಹಾಗಂತ ಮದುಮಗಳಿಗೆ ಮಾಡಿದ್ದನ್ನೇ ಸಣ್ಣ ಅಳತೆಯಲ್ಲಿ ಮಾಡಿ ಹಾಕಿದರೂ ಆಗುವುದಿಲ್ಲ. ದೊಡ್ಡವರು ಭಾರವನ್ನು ನಾಲ್ಕು ತಾಸು ತಡಕೊಳ್ಳುತ್ತಾರೆ. ಮಗು ಅರ್ಧ ತಾಸಿಗೆ ಕೈ ಹಾಕಿ ಜಗ್ಗುತ್ತದೆ, ಇನ್ನೊಂದು ಅರ್ಧ ತಾಸಿಗೆ ಅಳುತ್ತದೆ, ಫೋಟೋ ತೆಗೆಯೋ ಹೊತ್ತಿಗೆ ಅರ್ಧ ಹೂವು ನೆಲದ ಮೇಲೆ ಇರುತ್ತವೆ. ಮಕ್ಕಳ ದಂಡಿಗೆ ಬೇರೆಯೇ ಲೆಕ್ಕ ಬೇಕು.

ಒಂದೇ ಊರು, ಎರಡು ಪದ್ಧತಿ

ಗದಗಿಗೆ ಹೊಂದಿಕೊಂಡೇ ಇರುವ ಮಲ್ಲಸಮುದ್ರ ಈಗ ಜಿಲ್ಲೆಗೆಲ್ಲ ಗೊತ್ತಿರೋದು ಜಿಮ್ಸ್ ವೈದ್ಯಕೀಯ ಕಾಲೇಜಿನಿಂದ. ಈ ಊರಿಗೆ ಇನ್ನೊಂದು ಹಳೇ ಗುರುತೂ ಇದೆ. 1840ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ಬೆಟಗೇರಿಯ ಜೊತೆಗೆ ಇಲ್ಲಿಯೂ ಠಾಣೆ ಹೂಡಿದ್ದರು. ಮಿಶನ್ನಿನ ಹಳೇ ದಾಖಲೆಗಳಲ್ಲಿ ಊರಿನ ಹೆಸರು 'ಮಲಸಮುದ್ರ' ಅಂತ ಇದೆ. ಮದುಮಗಳ ಮುಂದೆ ಬುಟ್ಟಿ ಹಿಡಿದು ಹೂವಿನ ಪಕಳೆ ಚೆಲ್ಲುತ್ತ ನಡೆಯುವ 'ಫ್ಲವರ್ ಗರ್ಲ್' ಪದ್ಧತಿ ಚರ್ಚಿನ ಮದುವೆಗಳದ್ದು. ಮಿಶನ್‌ನವರು ಇಲ್ಲಿಗೆ ಬಂದ ಆಸುಪಾಸಿನಲ್ಲೇ, 1840ರಲ್ಲಿ, ಬ್ರಿಟನ್ನಿನ ರಾಣಿ ವಿಕ್ಟೋರಿಯಾ ತಮ್ಮ ಮದುವೆಯಲ್ಲಿ ವಜ್ರದ ಕಿರೀಟ ಬಿಟ್ಟು ಕಿತ್ತಳೆ ಹೂವಿನ ದಂಡಿ ಧರಿಸಿದ್ದರು. ಬಿಳಿ ಗೌನು, ತಲೆಗೆ ಹೂವಿನ ಸುತ್ತು ಅನ್ನೋ ಫ್ಯಾಶನ್ ಜೋರಾಗಿದ್ದು ಅಲ್ಲಿಂದ ಮುಂದೆ.

ನಮ್ಮ ಕಡೆ ಉಳಿದ ಮದುವೆಗಳಲ್ಲಿ ಅದೇ ಜಾಗದಲ್ಲಿ ಇರೋಳು ಕಳಸಗಿತ್ತಿ. ಅವಳಿಗೆ ತಲೆಗೆ ದಂಡಿ, ಬೆನ್ನಿಗೆ ಮೊಗ್ಗಿನ ಜಡೆ. ಚರ್ಚಿನ ಹುಡುಗಿಗೆ ಹೂವಿನ ಕಿರೀಟ, ಕೈಯಲ್ಲಿ ಬುಟ್ಟಿ. ಈಗಂತೂ ಕಲ್ಯಾಣ ಮಂಟಪದ ರಿಸೆಪ್ಶನ್‌ಗಳಲ್ಲಿ ಎರಡೂ ಕಲಸಿಹೋಗಿದ್ದು, ಇಳಕಲ್ ಸೀರೆಯ ಮದುಮಗಳ ಮುಂದೆ ಫ್ರಾಕ್ ತೊಟ್ಟ ಹುಡುಗಿ ಪಕಳೆ ಚೆಲ್ಲುವುದೂ ಕಾಣುತ್ತದೆ. ಹೆಸರು ಬೇರೆ ಆದರೂ ಕಟ್ಟೋ ಕೈಕೆಲಸ ಹೆಚ್ಚುಕಮ್ಮಿ ಒಂದೇ.

ಮೊದಲು ಅಳತೆ, ಆಮೇಲೆ ಹೂವು

ಕೆಲಸ ಶುರುವಾಗಬೇಕಾದ್ದು ಹಿಂದಿನ ದಿನ. ಒಂದು ದಾರ ತಗೊಂಡು ಹುಡುಗಿಯ ಒಂದು ಕಿವಿಯ ಮೇಲಿಂದ ಇನ್ನೊಂದು ಕಿವಿಯ ಮೇಲಿನವರೆಗೆ ತಲೆಯ ಮೇಲೆ ಹಾಯಿಸಿ ಅಳತೆ ಹಿಡಿಯಬೇಕು. ದಂಡಿಗೆ ಇಷ್ಟು ಸಾಕು. ಕಿರೀಟ ಆದರೆ ಹಣೆಯ ಸುತ್ತಳತೆ, ಮೇಲೆ ಎರಡು ಬೆರಳು ಹೆಚ್ಚು. ಆ ಹೆಚ್ಚಿನ ಉದ್ದದಲ್ಲಿ ರಿಬ್ಬನ್ ಬಿಟ್ಟು ಹಿಂದೆ ಗಂಟು ಹಾಕಿದರೆ ಬಿಗಿ-ಸಡಿಲ ಮಾಡಲು ಬರುತ್ತದೆ. ತಂತಿಯನ್ನು ದುಂಡಗೆ ಬಗ್ಗಿಸಿ ಪೂರ್ತಿ ಮುಚ್ಚಿದ ಕಿರೀಟ ಮಾಡಿದರೆ ಒಂದೋ ಹಣೆಗೆ ಒತ್ತುತ್ತದೆ, ಇಲ್ಲಾ ಕಣ್ಣಿನ ಮೇಲೆ ಜಾರುತ್ತದೆ.

ಅಡಿಪಾಯಕ್ಕೆ ಬಾಳೆನಾರು ಎಲ್ಲಕ್ಕಿಂತ ಚಲೋ. ನೀರಲ್ಲಿ ನೆನೆಸಿ ಹಿಂಡಿದರೆ ಮೆತ್ತಗಾಗುತ್ತದೆ, ಹೂವಿನ ತೊಟ್ಟು ಕತ್ತರಿಸುವುದಿಲ್ಲ, ತಾನೇ ತಂಪು ಇಟ್ಟುಕೊಳ್ಳುತ್ತದೆ. ಅದು ಸಿಗದಿದ್ದರೆ ದಪ್ಪ ಹತ್ತಿ ನೂಲು. ಬೆಟಗೇರಿಯಂಥ ನೇಕಾರರ ಊರಲ್ಲಿ ನೂಲಿಗೇನು ಬರ? ನೈಲಾನ್ ದಾರ ಮಾತ್ರ ಬೇಡ. ಅದು ಎಳೆ ತೊಟ್ಟನ್ನು ಬ್ಲೇಡಿನಂಗ ಕೊಯ್ದು ಹಾಕುತ್ತದೆ, ಮಗುವಿನ ಕಿವಿಯ ಹಿಂದೆಯೂ ಅದೇ ಗತಿ.

ತಂತಿ ಹಾಕಲೇಬೇಕು ಅನ್ನೋರು ತೆಳ್ಳನೆಯದನ್ನು ಹಾಕಿ, ಎರಡೂ ತುದಿ ಒಳಗೆ ಮಡಚಿ, ಮೇಲೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಬೇಕು. ಸುತ್ತಿದ ಮೇಲೆ ತಮ್ಮ ಕೆನ್ನೆಗೆ ಒಮ್ಮೆ ತಿಕ್ಕಿ ನೋಡಬೇಕು. ತಮಗೆ ಚುಚ್ಚಿದ್ದು ಮಗುವಿಗೂ ಚುಚ್ಚುತ್ತದೆ.

ದಂಡಿ ಕಟ್ಟುವಾಗ ನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಹಿಡಿದು, ಈ ಕಡೆ ಎರಡು, ಆ ಕಡೆ ಎರಡು ಮೊಗ್ಗು ಇಟ್ಟು ಬೆರಳಲ್ಲೇ ಸುರುಳಿ ಮಾಡಿ ಎಳೆಯುವುದು ಹಳೇ ರೂಢಿ. ದೊಡ್ಡವರ ದಂಡಿಯಲ್ಲಿ ನಡುವೆ ಜಾಗ ಕಾಣದಂತೆ ಒತ್ತಿ ಕಟ್ಟುತ್ತಾರೆ. ಮಕ್ಕಳದ್ದರಲ್ಲಿ ನಾಲ್ಕು ಮೊಗ್ಗಿಗೊಮ್ಮೆ ಒಂದು ಎಸಳು ಮರುಗ ಅಥವಾ ಪಚ್ಚೆತೆನೆ ಸೇರಿಸಿ ಸಡಿಲ ಬಿಡಬೇಕು. ಹಸಿರು ತುಂಬಿದಷ್ಟು ಭಾರ ಇಳಿಯುತ್ತದೆ, ಘಮವೂ ಬರುತ್ತದೆ. ನಡುನಡುವೆ ಕನಕಾಂಬರ. ಇಷ್ಟು ಹಗುರದ ಬಣ್ಣ ಬೇರೆ ಯಾವ ಹೂವಿನಲ್ಲೂ ಸಿಗೋದಿಲ್ಲ. ಗುಲಾಬಿ ಬೇಕಂದ್ರ ಒಂದು, ಅದೂ ಕಿವಿಯ ಪಕ್ಕಕ್ಕೆ. ಸುಗಂಧರಾಜದ ಹೂವು ದಪ್ಪ, ನೀರು ತುಂಬಿಕೊಂಡಿರುತ್ತದೆ. ಮಾಲೆಗೆ ಸರಿ, ಮಗುವಿನ ತಲೆಗಲ್ಲ.

ಹೂವಿನ ಬದಲು ಬೆಂಡು ಬಳಸುವುದೂ ನಮ್ಮಲ್ಲಿ ಹೊಸದೇನಲ್ಲ. ಬಾಸಿಂಗ ಮಾಡೋದೇ ಬೆಂಡಿನಲ್ಲಿ. ಕೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗುವುದಿಲ್ಲ. ಆದರೆ ಅದು ಒಣ ಸರಕು, ಬೆಂಕಿಗೆ ಬೇಗ ಹತ್ತುತ್ತದೆ. ಬುಟ್ಟಿ ಹಿಡಿಯೋ ಹುಡುಗಿಗೆ ಆದೀತು, ಆರತಿ ಹಿಡಿಯೋಳಿಗೆ ಬೇಡ.

ಮೊಗ್ಗಿನ ಜಡೆ ಸೊಂಟಕ್ಕೆ ನಿಲ್ಲಲಿ

ಹೆಚ್ಚು ಕೈ ಹಿಡಿಯೋ ಕೆಲಸ ಇದು. ಪಳಗಿದ ಕೈಗೂ ಎರಡು-ಮೂರು ತಾಸು ಬೇಕು. ಸಾಮಾನ್ಯವಾಗಿ ರಟ್ಟಿನ ಪಟ್ಟಿಯ ಮೇಲೆ ಮೊಗ್ಗು ಹೊಲಿದು, ಚೌರಿ ಸೇರಿಸಿ ಹೆಣೆದ ಜಡೆಗೆ ಕಟ್ಟುತ್ತಾರೆ. ಸಣ್ಣ ಹುಡುಗಿಗೆ ರಟ್ಟಿನ ಬದಲು ಬಟ್ಟೆಯ ಪಟ್ಟಿ ತಗೋಬೇಕು. ಮನೆಯಲ್ಲಿ ಹಳೇ ಖಣದ ತುಂಡು ಇದ್ದರೆ ಅದನ್ನೇ ಎರಡು ಮಡಿಕೆ ಮಾಡಿದರೆ ಆಯ್ತು. ಮೇಲೆ ಎರಡು ಇಂಚು ಅಗಲ, ಕೆಳಗೆ ಬರ್ತಾ ಒಂದು ಇಂಚು. ಬೆನ್ನಿನ ಜೊತೆ ಬಾಗುತ್ತದೆ, ರಟ್ಟಿನಂತೆ ಕುತ್ತಿಗೆಗೆ ಕೆರೆಯುವುದಿಲ್ಲ.

ಮೊಗ್ಗುಗಳ ತೊಟ್ಟು ಒಳಗೆ, ತುದಿ ಹೊರಗೆ ಬರುವಂತೆ ಸಾಲುಸಾಲಾಗಿ ಪೋಣಿಸಿ ಹೊಲಿಯುತ್ತ ಹೋಗಬೇಕು. ಎಲ್ಲಾ ಸಾಲು ಒತ್ತೊತ್ತಾಗಿ ಬೇಡ. ಮೂರು ಸಾಲು ಮೊಗ್ಗು, ಆಮೇಲೆ ಖಣದ ಅಂಚು ಕಾಣುವಷ್ಟು ಜಾಗ, ಅಲ್ಲಿ ಒಂದು ಕನಕಾಂಬರದ ಬಿಲ್ಲೆ. ಹಿಂಗ ಮಾಡಿದರೆ ಹೂವು ಅರ್ಧಕ್ಕರ್ಧ ಉಳಿಯುತ್ತವೆ, ನೋಡೋರಿಗೆ ಕೊರತೆ ಕಾಣುವುದಿಲ್ಲ.

ಜಡೆ ಸೊಂಟದ ಮೇಲೇ ಮುಗಿಯಬೇಕು. ಮೊಣಕಾಲ ತನಕ ಬಿಟ್ಟರೆ ಹುಡುಗಿ ಕುಂತಾಗ ತನ್ನ ಜಡೆಯ ಮೇಲೆ ತಾನೇ ಕುಂತು, ಏಳುವಾಗ ಕೂದಲು ಜಗ್ಗುತ್ತದೆ. ಈ ವಯಸ್ಸಿನ ಮಕ್ಕಳ ಕೂದಲು ಎಳೆಯವು, ಬರೀ ಪಿನ್ನಿಗೆ ನಿಲ್ಲುವುದಿಲ್ಲ. ಮೊದಲು ರಿಬ್ಬನ್ ಹಾಕಿ ಜಡೆ ಹೆಣೆದು, ಆ ರಿಬ್ಬನ್‌ಗೆ ಪಟ್ಟಿಯನ್ನು ಮೂರು ಕಡೆ ದಾರದಲ್ಲಿ ಕಟ್ಟಬೇಕು. ಸೇಫ್ಟಿ ಪಿನ್ನು ಕುತ್ತಿಗೆಯ ಹತ್ತಿರ ಒಂದೂ ಇರಬಾರದು.

ಕೈಬಳೆ, ತೋಳಬಂದಿಗೆ ಅಗಲ ಎಲಾಸ್ಟಿಕ್ ಪಟ್ಟಿಯ ಮೇಲೆ ಹೂವು ಹೊಲಿದರೆ ಮುಗೀತು. ದೀಪದ ತಟ್ಟೆ ಹಿಡಿಯೋ ಕೈಗೆ ಜೋತಾಡೋ ಗೊಂಚಲು, ಕುಚ್ಚು ಬೇಡ.

ಬುಟ್ಟಿಗೆ ಮೇದಾರರು ಹೆಣೆದ ಸಣ್ಣ ಬಿದಿರ ಬುಟ್ಟಿಯೇ ಸಾಕು. ಒಳಗೆ, ಹಿಡಿಕೆಗೆ ಬಟ್ಟೆ ಸುತ್ತಿದರೆ ಸಿಬಿರು ಚುಚ್ಚುವುದಿಲ್ಲ. ಪಕಳೆಗಳನ್ನು ನೀರು ಚಿಮುಕಿಸಿ ತಾಜಾ ಇಡೋ ಆಸೆಗೆ ಬೀಳಬಾರದು. ಹಸಿ ಪಕಳೆ ಟೈಲ್ಸ್ ಮೇಲೆ ಬಿದ್ದರೆ ಹಿಂದೆ ಬರೋ ಮದುಮಗಳೇ ಜಾರುತ್ತಾಳೆ.

ಯಾವ ಹೂವು ಬ್ಯಾಡ

ಹಿತ್ತಲಲ್ಲಿ ಪುಕ್ಕಟೆ ಸಿಗೋ ಕಣಗಿಲೆಯನ್ನು ಮಕ್ಕಳ ಆಭರಣಕ್ಕೆ ಮುಟ್ಟಲೇಬಾರದು. ಕೆಂಪು, ಬಿಳಿ, ಹಳದಿ ಎಲ್ಲಾ ಕಣಗಿಲೆಯೂ ವಿಷವೇ. ಹೂವು, ಎಲೆ, ಹಾಲು ಯಾವುದು ಹೊಟ್ಟೆಗೆ ಹೋದರೂ ಹೃದಯದ ಬಡಿತವೇ ತಪ್ಪುತ್ತದೆ. ಆರು ವರ್ಷದ ಮಗು ಬ್ಯಾಸರಾದಾಗ ಕೈಬಳೆಯ ಹೂವು ಕಿತ್ತು ಬಾಯಿಗೆ ಹಾಕಿಕೊಳ್ಳುವುದು ಸಹಜ.

ಸೇವಂತಿಗೆ, ಚೆಂಡುಹೂವಿನ ವಿಚಾರ ಬೇರೆ. ಲಕ್ಕುಂಡಿ ಕಡೆಯಿಂದ ಬರೋ ಸೇವಂತಿಗೆ ಚೆಂದವೇ ಇರುತ್ತದೆ, ವಿಷವೂ ಅಲ್ಲ. ಆದರೆ ಹೊಲದ ಬದುವಿನ ಕಾಂಗ್ರೆಸ್ ಕಸದಿಂದ ಮೈ ತುರಿಕೆ ಬರೋ ಮಂದಿಗೆ ಅದೇ ಕುಲದ ಈ ಹೂವುಗಳಿಂದಲೂ ತುರಿಕೆ ಬರಬಹುದು. ಮನೆಯಲ್ಲಿ ಯಾರಿಗಾದರೂ ಇಂಥ ತೊಂದರೆ ಇದ್ದರೆ ಹಿಂದಿನ ದಿನವೇ ಮಗುವಿನ ಮುಂಗೈಗೆ ಒಂದು ಹೂವು ತಿಕ್ಕಿ ನೋಡೋದು ಒಳ್ಳೇದು. ಮಾರ್ಕೆಟ್ ಹೂವಿಗೆ ಔಷಧಿ ಹೊಡೆದಿರುತ್ತಾರೆ. ಸೇವಂತಿಗೆ, ಗುಲಾಬಿಯನ್ನು ನೀರಲ್ಲಿ ಅದ್ದಿ, ಜಾಡಿಸಿ, ನೆರಳಲ್ಲಿ ಆರಿಸಿ ಬಳಸಬೇಕು. ಜಾಡಿಸಿದರೆ ಒಳಗಿನ ಇರುವೆಯೂ ಹೋಗುತ್ತದೆ. ಇರುವೆ ಕಚ್ಚಿದ ಮಗು ಮುಹೂರ್ತಕ್ಕೆ ನಿಲ್ಲುವುದಿಲ್ಲ.

ಮಲ್ಲಿಗೆಯಲ್ಲೂ ಆಯ್ಕೆ ಇದೆ. ದುಂಡುಮಲ್ಲಿಗೆಯ ಮೊಗ್ಗು ಗುಂಡಗೆ, ಜಡೆಗೆ ಒಪ್ಪುತ್ತದೆ, ತೂಕ ಹೆಚ್ಚು. ಮುಂಡರಗಿ ದಾಟಿ ತುಂಗಭದ್ರಾ ಹೊಳಿ ಆಚೆ ಬೆಳೆಯೋ ಹೂವಿನಹಡಗಲಿ ಮಲ್ಲಿಗೆಯ ಮೊಗ್ಗು ಸಣ್ಣದು, ತೆಳ್ಳನೆಯದು, ಹಗುರ. ಮೈಸೂರು, ಉಡುಪಿ ಮಲ್ಲಿಗೆಗಳಂತೆ ಇದಕ್ಕೂ ಜಿಐ ಮಾನ್ಯತೆ ಇದೆ. ಘಮದಲ್ಲಿ ಇದನ್ನು ಮೀರಿಸೋದು ಕಷ್ಟ. ಮಕ್ಕಳ ದಂಡಿಗೆ ಇದೇ ಸರಿ. ಕಾಕಡಾಕ್ಕೆ ವಾಸನೆ ಅಷ್ಟಕ್ಕಷ್ಟೇ, ಆದರೆ ಹೆಚ್ಚು ಹೊತ್ತು ತಡೆಯುತ್ತದೆ. ಮಲ್ಲಿಗೆ ತುಟ್ಟಿಯಾಗೋ ಚಳಿಗಾಲದ ಮದುವೆಗಳಿಗೆ ಅದೇ ಗತಿ.

ಹೊತ್ತು ತಪ್ಪಿದರೆ ಎಲ್ಲಾ ತಪ್ಪಿತು

ಮಲ್ಲಿಗೆ ಮೊಗ್ಗನ್ನು ಬಿಡಿಸೋದು ಬೆಳಗಿನ ಜಾವ, ಅದು ಅರಳೋದು ಸಂಜೆಗೆ. ಹಿಂದಿನ ದಿನದ ಮೊಗ್ಗು ತಂದು ರಾತ್ರಿಯೇ ಕಟ್ಟಿಟ್ಟರೆ ಮುಂಜಾನೆಗೆ ಅರಳಿ, ಮುಹೂರ್ತದ ಹೊತ್ತಿಗೆ ಕಂದುತ್ತದೆ. ಆದ್ದರಿಂದ ಅಳತೆ, ಪಟ್ಟಿ, ನಾರು, ಬಿಲ್ಲೆ ಎಲ್ಲ ಹಿಂದಿನ ದಿನ. ಮೊಗ್ಗಿಗೆ ಕೈ ಹಚ್ಚೋದು ಮುಹೂರ್ತದ ದಿನ ಬೆಳಗಿನ ಐದಕ್ಕೆ. ಮೊದಲೇ ತರಲೇಬೇಕಾದರೆ ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಫ್ರಿಜ್‌ನಲ್ಲಿ ತರಕಾರಿ ಇಡೋ ಖಾನೆಗೆ ಇಡಬೇಕು. ಮೊಗ್ಗಿಗೆ ನೇರವಾಗಿ ನೀರು ಹಾಕಿದರೆ ಕಲೆ ಬೀಳುತ್ತದೆ.

ಇಲ್ಲೇ ರೊಕ್ಕದ ಪ್ರಶ್ನೆ ಬರೋದು. ಬಸವ ಜಯಂತಿ, ಅಕ್ಷಯ ತೃತೀಯ ಒಂದೇ ದಿನ. ಊರೂರಿಗೆ ಮದುವೆ, ಮಠಗಳಲ್ಲಿ ಸಾಮೂಹಿಕ ವಿವಾಹ. ಎಲ್ಲರಿಗೂ ಅದೇ ಮುಂಜಾನೆ, ಅದೇ ಮೊಗ್ಗು ಬೇಕು. ರೇಟು ಏರುತ್ತದೆ, ಗಿರಾಕಿ ಚೌಕಾಸಿ ಮಾಡುತ್ತಾನೆ. ಹೂವಿನ ರೇಟನ್ನು ಯಾರೂ ಇಳಿಸೋದಿಲ್ಲ, ಇಳಿಯೋದು ಕಟ್ಟಿದವರ ಕೂಲಿ. ಹಿಂದೆ ಹೂಗಾರ ಮನೆತನದವರು ವರ್ಷವಿಡೀ ಹೂ-ಪತ್ರಿ, ಮದುವೆಗೆ ಬಾಸಿಂಗ-ದಂಡಿ ಕೊಟ್ಟು ಸುಗ್ಗಿಯಲ್ಲಿ ಆಯದ ಕಾಳು ಪಡೆಯುತ್ತಿದ್ದರು. ಕಾಳು ನಿಂತು ರೊಕ್ಕ ಬಂತು. ಆದರೆ ನಸುಕಿನಲ್ಲಿ ಎದ್ದು ಮೂರು ತಾಸು ಬಗ್ಗಿ ಕುಂತ ಹೆಣ್ಮಕ್ಕಳ ಕೈಕೆಲಸ ಬಿಲ್ಲಿನಲ್ಲಿ ಬೇರೆಯಾಗಿ ಕಾಣೋದೇ ಇಲ್ಲ. ಮಾರು ಲೆಕ್ಕದಲ್ಲಿ ಹೂ ಕೊಳ್ಳೋರು ಜಡೆಗೂ ಮಾರಿನ ಲೆಕ್ಕವನ್ನೇ ಹೇಳುತ್ತಾರೆ. ಜಡೆ ಕಟ್ಟಿಸುವವರು ಹೂವಿನ ರೊಕ್ಕ ಎಷ್ಟು, ಕೈಕೂಲಿ ಎಷ್ಟು ಅಂತ ಮೊದಲೇ ಬೇರೆ ಬೇರೆ ಮಾತಾಡಿಕೊಂಡರೆ ಇಬ್ಬರಿಗೂ ಜಗಳ ಇರುವುದಿಲ್ಲ.

ಇನ್ನು ತೆಗೆಯೋ ಹೊತ್ತು. ಅಕ್ಕಿಕಾಳು ಬಿದ್ದು, ಆರತಿ ಮುಗಿದು, ನಾಲ್ಕು ಫೋಟೋ ಆದ ಕೂಡಲೇ ಹುಡುಗಿಯ ಜಡೆ ಬಿಚ್ಚಿ ಊಟಕ್ಕೆ ಕೂಡಿಸಬೇಕು. ಸಂಜೆಯ ಮೆರವಣಿಗೆ ತನಕ ಇಟ್ಟರೆ ತಲೆನೋವು ಗ್ಯಾರಂಟಿ. ಬಿಚ್ಚುವಾಗ ಮೊದಲು ರಿಬ್ಬನ್ನಿನ ಮೂರು ಗಂಟು ಕತ್ತರಿಸಿ, ಪಟ್ಟಿ ಇಡಿಯಾಗಿ ಇಳಿಸಿದರೆ ಕೂದಲು ಕೀಳುವುದಿಲ್ಲ. ಖಣದ ಪಟ್ಟಿ, ಎಲಾಸ್ಟಿಕ್ಕು ಮುಂದಿನ ಮದುವೆಗೆ ಬರುತ್ತವೆ. ಬಾಡಿದ ಹೂವು ತಿಪ್ಪೆಗೆ ಹಾಕೋ ಮೊದಲು ಪಿನ್ನು, ತಂತಿ ಒಂದೂ ಉಳಿಯದಂತೆ ಆರಿಸಿ ತೆಗೆಯಬೇಕು. ಮಂಟಪದ ಹಿಂದೆ ಎಸೆದ ಹೂವನ್ನು ದನಗಳು ತಿನ್ನುತ್ತವೆ, ಹೊಟ್ಟೆ ಸೇರಿದ ತಂತಿ ಕೆಲವೊಮ್ಮೆ ಎದೆಗೂ ಚುಚ್ಚುತ್ತದೆ.