ಬಿ.ಕಾಂ. ಬಿಡುವ ಮುನ್ನ: ಆಲೂರು ಸೀಮೆಯ ನಂಬಿಕೆಗಳು, ನಿಜವಾದ ನಿಯಮಗಳು

ಕೋರ್ಸ್ ಬದಲಿಸುವ ಮಾತು ಹಾಸನ ಜಿಲ್ಲೆಯ ಆಲೂರು, ಸಕಲೇಶಪುರದ ಮನೆಗಳಲ್ಲಿ ಸಾಮಾನ್ಯವಾಗಿ ಮೊದಲ ಸೆಮಿಸ್ಟರ್ ಫಲಿತಾಂಶ ಬಂದ ವಾರ ಹುಟ್ಟುತ್ತದೆ. ಹುಡುಗ ‘ಬಿ.ಎಸ್ಸಿ. ಬೇಡ, ಬಿ.ಬಿ.ಎ. ಮಾಡ್ತೀನಿ’ ಅನ್ನುತ್ತಾನೆ. ಹುಡುಗಿ ‘ಬಿ.ಕಾಂ. ತಲೆಗೆ ಹತ್ತುತ್ತಿಲ್ಲ ಅಪ್ಪ’ ಅನ್ನುತ್ತಾಳೆ. ಅಪ್ಪ, ದೊಡ್ಡಪ್ಪ, ಬೆಂಗಳೂರಿನ ಸೋದರಮಾವ ಎಲ್ಲರೂ ಬುದ್ಧಿ ಹೇಳುತ್ತಾರೆ. ಅವರ ಮಾತಿನಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಅವರು ಹೇಳುವ ನಿಯಮಗಳು ಎಷ್ಟೋ ಸಲ ಅವರು ಓದುವಾಗಿನವು. ವ್ಯಾಪಾರ, ಬ್ಯಾಂಕು, ಲೆಕ್ಕಪತ್ರ, ಆಡಳಿತದ ಕಡೆ ಹೊರಟ ಮಕ್ಕಳಿಗೆ ಇದರಿಂದ ಆಗುವ ನಷ್ಟ ದೊಡ್ಡದು. ಈ ಕ್ಷೇತ್ರದಲ್ಲಿ ಬದಲಾಯಿಸಲಾಗದ ಸಂಗತಿಗಳು ಕೆಲವೇ ಇವೆ. ನಮ್ಮವರು ಹೆದರುವುದು ಮಾತ್ರ ಬೇರೆಯವಕ್ಕೆ.

ನಂಬಿಕೆ: ‘ಪಿ.ಯು.ನಲ್ಲಿ ಸೈನ್ಸ್ ಓದಿ ಈಗ ಕಾಮರ್ಸಿಗೆ ಬಂದರೆ ಎರಡು ವರ್ಷ ದಂಡ.’

ಸತ್ಯ: ವಿಜ್ಞಾನ ಓದಿದವರು ಬಿ.ಕಾಂ., ಬಿ.ಬಿ.ಎ. ಸೇರಬಹುದು. ಸಿ.ಎ. ಫೌಂಡೇಶನ್ ಪರೀಕ್ಷೆಯನ್ನೂ ಯಾವ ವಿಭಾಗದವರಾದರೂ ಬರೆಯಬಹುದು. ಅದರ ನಾಲ್ಕು ಪತ್ರಿಕೆಗಳಲ್ಲಿ ಒಂದು ಗಣಿತ, ಸಂಖ್ಯಾಶಾಸ್ತ್ರ, ತರ್ಕಕ್ಕೆ ಸೇರಿದ್ದು, ಅಲ್ಲಿ ಪಿ.ಸಿ.ಎಂ. ಓದಿದವರಿಗೆ ಅನುಕೂಲವೇ. ವಾಪಸ್ ಹೋಗುವ ಹಾದಿ ಮಾತ್ರ ಹೀಗಿಲ್ಲ. ಪಿ.ಯು.ನಲ್ಲಿ ಭೌತಶಾಸ್ತ್ರ, ಗಣಿತ ಬಿಟ್ಟು ಕಾಮರ್ಸ್ ತೆಗೆದುಕೊಂಡವರಿಗೆ ಸಿ.ಇ.ಟಿ. ಮೂಲಕ ಎಂಜಿನಿಯರಿಂಗ್ ಸೇರುವ ದಾರಿ ಇಲ್ಲ. ಹಾಗಾಗಿ ನಿಜವಾಗಿ ಕೂತು ಯೋಚಿಸಬೇಕಾದ ಹೊತ್ತು ಎಸ್ಸೆಸ್ಸೆಲ್ಸಿ ಮುಗಿದಾಗ. ಪದವಿಯ ಹೊತ್ತಿಗೆ ಭಯಪಡುವುದಕ್ಕೆ ಅಷ್ಟು ಕಾರಣ ಉಳಿದಿರುವುದಿಲ್ಲ.

ನಂಬಿಕೆ: ‘ಬ್ಯಾಂಕು, ಎಂ.ಬಿ.ಎ., ಸಿ.ಎ. ಎಲ್ಲಕ್ಕೂ ಬಿ.ಕಾಂ. ಬೇಕೇ ಬೇಕು.’

ಸತ್ಯ: ಈ ಒಂದು ಮಾತು ನಂಬಿ ಚೆನ್ನಾಗಿ ಸಾಗುತ್ತಿದ್ದ ಬಿ.ಎ., ಬಿ.ಎಸ್ಸಿ. ಬಿಡುವವರನ್ನು ಕಂಡಾಗ ಸಂಕಟವಾಗುತ್ತದೆ. ಸ್ಟೇಟ್ ಬ್ಯಾಂಕ್ ಮತ್ತು ಐ.ಬಿ.ಪಿ.ಎಸ್. ಮೂಲಕ ನಡೆಯುವ ಪ್ರೊಬೇಷನರಿ ಆಫೀಸರ್ ಆಯ್ಕೆಗೆ ಯಾವುದೇ ಪದವಿ ಸಾಕು. ವಯಸ್ಸು ಹೆಚ್ಚಾಗಿ ಸ್ಟೇಟ್ ಬ್ಯಾಂಕಿಗೆ 21ರಿಂದ, ಉಳಿದವಕ್ಕೆ 20ರಿಂದ 30ರೊಳಗಿರಬೇಕು. ಮೀಸಲು ವರ್ಗಗಳಿಗೆ ಸಡಿಲಿಕೆಯಿದೆ. ಎಂ.ಬಿ.ಎ.ಗೆ ಕನಿಷ್ಠ ಮೂರು ವರ್ಷದ ಯಾವುದೇ ಪದವಿ, ಶೇ 50 ಅಂಕ ಸಾಕು. ಮೀಸಲು ವರ್ಗಕ್ಕೆ ಶೇ 45. ರಾಜ್ಯದ ಪಿ.ಜಿ.ಸಿ.ಇ.ಟಿ.ಯಲ್ಲಿ ನಿಮ್ಮ ಪದವಿ ಯಾವ ವಿಷಯದ್ದು ಎಂಬುದು ಅಡ್ಡಿಯಾಗುವುದಿಲ್ಲ. ಸಿ.ಎ. ವಿಷಯಕ್ಕೆ ಬಂದರೆ ವಾಣಿಜ್ಯ ಪದವೀಧರರು ಶೇ 55, ಇತರ ಪದವೀಧರರು ಶೇ 60 ಪಡೆದಿದ್ದರೆ ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ವ್ಯತ್ಯಾಸ ಶೇ 5 ಅಂಕದ್ದು. ಆರ್ಟಿಕಲ್‌ಶಿಪ್ ಎಂಬ ಕಡ್ಡಾಯ ತರಬೇತಿ ಕೂಡ 2023ರ ಹೊಸ ಪದ್ಧತಿಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

ನಂಬಿಕೆ: ‘ಅಕೌಂಟೆನ್ಸಿ ಫೇಲಾಯಿತು, ಈ ವಿಷಯ ನನಗಲ್ಲ.’

ಸತ್ಯ: ಇರಬಹುದು, ಇಲ್ಲದೆಯೂ ಇರಬಹುದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಲ್ಲವನ್ನೂ ಇಂಗ್ಲಿಷ್ ಪುಸ್ತಕದಲ್ಲಿ ಎದುರಿಸುವ ಮಕ್ಕಳು ನಮ್ಮ ಕಡೆ ಬಹಳ. ಅವರಲ್ಲಿ ಎಷ್ಟೋ ಜನರಿಗೆ ಕಷ್ಟ ಲೆಕ್ಕದ್ದಲ್ಲ, ಭಾಷೆಯದು. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಹಾಸನಕ್ಕೆ ಹೋಗಿ ಸಂಜೆ ಕತ್ತಲಾದ ಮೇಲೆ ಮನೆ ಸೇರುವ ಹುಡುಗಿಗೆ ಕಷ್ಟ ಹೊತ್ತಿನದೂ ಆಗಿರಬಹುದು. ಇವೆರಡೂ ಬಿ.ಬಿ.ಎ.ಗೆ ಹೋದರೂ ಹಿಂದೆಯೇ ಬರುತ್ತವೆ. ಒಂದು ಸುಲಭದ ಪರೀಕ್ಷೆ ಇದೆ: ಅದೇ ಅಧ್ಯಾಯವನ್ನು ಯಾರಾದರೂ ಕನ್ನಡದಲ್ಲಿ, ನಿಮ್ಮದೇ ಊರಿನ ಅಂಗಡಿಯ ಲೆಕ್ಕ ಇಟ್ಟುಕೊಂಡು ಬಿಡಿಸಿ ಹೇಳಲಿ. ಅರ್ಥವಾಯಿತೆಂದರೆ ವಿಷಯ ಬಿಡಬೇಡಿ, ಭಾಷೆಗೆ ಸಹಾಯ ಹುಡುಕಿ. ಅರ್ಥವಾದ ಮೇಲೂ ಬೇಸರವೇ ಉಳಿದರೆ ಅದು ಬೇರೆ ಮಾತು, ಅದನ್ನು ಮನೆಯವರು ಕಿವಿಗೊಟ್ಟು ಕೇಳಬೇಕು. ಇಂಗ್ಲಿಷ್ ಭಯದಿಂದ ಬ್ಯಾಂಕಿನ ಆಸೆ ಬಿಟ್ಟವರಿಗೆ ಇನ್ನೊಂದು ವಿಷಯ: 2021ರ ತೀರ್ಮಾನದ ನಂತರ ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗಳ ಎರಡೂ ಹಂತಗಳಲ್ಲಿ ಕನ್ನಡದ ಆಯ್ಕೆ ಬಂದಿದೆ.

ನಂಬಿಕೆ: ‘ಇಷ್ಟು ದುಡ್ಡು ಹಾಕಿದ್ದೀವಿ, ಈಗ ಬಿಟ್ಟರೆ ಎಲ್ಲ ನೀರಿಗೆ.’

ಸತ್ಯ: ಪ್ರವೇಶದ ಮೊದಲ ಕೆಲವು ದಿನ ಕಳೆದ ಮೇಲೆ, ಕಟ್ಟಿದ ಫೀಸು ಮುಂದುವರಿದರೂ ವಾಪಸ್ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಲೆಕ್ಕ ಹಾಕಬೇಕಾದದ್ದು ಇನ್ನು ಮುಂದೆ ಆಗುವ ಖರ್ಚು, ಹಿಡಿಯುವ ಕಾಲ. ಹಾಗೆ ಲೆಕ್ಕ ಹಾಕಿದಾಗ ಮೊದಲ ಸೆಮಿಸ್ಟರಿನವರಿಗೂ ಐದನೆಯವರಿಗೂ ಉತ್ತರ ಬೇರೆ ಬೇರೆ ಬರುತ್ತದೆ. ನಮ್ಮ ಪದವಿ ಕಾಲೇಜುಗಳಲ್ಲಿ ಬಿ.ಎಸ್ಸಿ.ಯಿಂದ ಬಿ.ಕಾಂ.ಗೆ ಹೋದರೆ ಸಾಮಾನ್ಯವಾಗಿ ಮತ್ತೆ ಮೊದಲ ಸೆಮಿಸ್ಟರಿನಿಂದಲೇ ಶುರು ಮಾಡಬೇಕು. ಮೊದಲ ವರ್ಷದಲ್ಲಿ ಬದಲಿಸಿದರೆ ಹೋಗುವುದು ಒಂದು ವರ್ಷ. ಮೂರನೇ ವರ್ಷದಲ್ಲಿ ಬದಲಿಸಿದರೆ ಕೈಗೆ ಬಂದಿದ್ದ ಪದವಿಯೇ ಹೋಗುತ್ತದೆ. ನನ್ನ ಅಭಿಪ್ರಾಯ ಇದು: ಐದನೇ ಸೆಮಿಸ್ಟರಿಗೆ ಬಂದವರು, ಮನಸ್ಸು ಎಷ್ಟೇ ಬೇರೆ ಕಡೆ ಇದ್ದರೂ, ಮುಗಿಸಿಬಿಡಲಿ. ಮೇಲೆ ಹೇಳಿದ ಎಂ.ಬಿ.ಎ., ಬ್ಯಾಂಕು, ಸಿ.ಎ. ಯಾವುದಕ್ಕೂ ಆ ಪದವಿ ವ್ಯರ್ಥವಾಗುವುದಿಲ್ಲ.

ಮೊದಲ ವರ್ಷ, ಮೂರನೇ ವರ್ಷ ಇವೆರಡರ ನಡುವೆ ಸಿಕ್ಕಿಕೊಂಡವರಿಗೂ ಒಂದು ಉಪಾಯವಿದೆ. 2022ರ ಏಪ್ರಿಲ್‌ನಲ್ಲಿ ಯು.ಜಿ.ಸಿ. ಏಕಕಾಲಕ್ಕೆ ಎರಡು ಪದವಿ ಓದಲು ಅವಕಾಶ ಕೊಟ್ಟಿತು. ಕಾಲೇಜಿಗೆ ಹೋಗಿ ಒಂದು, ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ದೂರಶಿಕ್ಷಣದಲ್ಲಿ ಇನ್ನೊಂದು. ನಿಮ್ಮ ವಿಶ್ವವಿದ್ಯಾಲಯ ಅದನ್ನು ಒಪ್ಪಿದೆಯೇ ಎಂದು ಮೊದಲು ಬರಹದಲ್ಲಿ ಕೇಳಿಕೊಳ್ಳಿ. ಸೀನಿಯರ್‌ಗಳ ಮಾತಿನ ಮೇಲೆ ಹೋಗಬೇಡಿ: 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಣ್ಣನ ಬ್ಯಾಚಿಗೆ ಇದ್ದ ನಿಯಮ ತಮ್ಮನಿಗೆ ಇರಬೇಕೆಂದಿಲ್ಲ.

ನಂಬಿಕೆ: ‘ತೋಟ ಇದೆಯಲ್ಲ, ಏನು ಓದಿದರೇನು?’

ಸತ್ಯ: ನಮ್ಮ ಬೆಟ್ಟದ ಸೀಮೆಯಲ್ಲಿ ಅತಿ ಹೆಚ್ಚು ನಷ್ಟ ಮಾಡಿರುವ ಮಾತು ಇದೇ ಎಂದು ನಾನು ನಂಬಿದ್ದೇನೆ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ನಾಲ್ಕು ಎಕರೆ ತೋಟ ಇಬ್ಬರು ಅಣ್ಣತಮ್ಮಂದಿರಿಗೆ ಭಾಗವಾದ ಮೇಲೆ ಅದೊಂದರ ಮೇಲೆ ಸಂಸಾರ ನಿಲ್ಲಿಸುವುದು ಕಷ್ಟ. ಹಳೆಯ ಕಾಲದಲ್ಲಿ ಬೆಳೆಗಾರ ಬೆಳೆದು ಕಾಫಿ ಮಂಡಳಿಯ ಪೂಲ್‌ಗೆ ಹಾಕಿದರೆ ಮಾರುವ ಚಿಂತೆ ಮಂಡಳಿಯದು. 1992ರಿಂದ ಆ ಪದ್ಧತಿ ಸಡಿಲವಾಗುತ್ತಾ ಬಂದು 1996ಕ್ಕೆ ಪೂರ್ತಿ ಹೋಯಿತು. ಅಂದಿನಿಂದ ಯಾವಾಗ ಮಾರಬೇಕು, ಚೆರಿಯಾಗಿಯೋ ಪಾರ್ಚ್‌ಮೆಂಟಾಗಿಯೋ, 50 ಕೆ.ಜಿ. ಮೂಟೆಗೆ ವ್ಯಾಪಾರಿ ಹೇಳುವ ದರ ಲಂಡನ್ನಿನ ರೊಬಸ್ಟಾ ಮಾರುಕಟ್ಟೆಗೆ ಹೊಂದುತ್ತದೆಯೇ, ಔಟ್‌ಟರ್ನ್ (ಮೂಟೆಯಿಂದ ಸಿಗುವ ಬೀಜದ ಪ್ರಮಾಣ) ಎಷ್ಟು ಹಿಡಿದಿದ್ದಾನೆ, ಈ ಎಲ್ಲ ತೀರ್ಮಾನ ಬೆಳೆಗಾರನ ಮನೆಯಲ್ಲೇ ಆಗಬೇಕು.

ತೆರಿಗೆಯನ್ನೇ ನೋಡಿ. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡದೆ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆಗಾರನೇ ಕ್ಯೂರಿಂಗ್ ಮಾಡಿ ಮಾರಿದರೆ, ಆದಾಯ ತೆರಿಗೆ ನಿಯಮಗಳ ಪ್ರಕಾರ ಆದಾಯದ ಶೇ 25 ವ್ಯಾಪಾರದ್ದು ಎಂದು ಲೆಕ್ಕ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಹೋಂಸ್ಟೇ ಜೊತೆಗೆ ಸ್ವಂತ ಹೆಸರಿನ ಕಾಫಿಪುಡಿ ಮಾರಬೇಕೆಂದು ಸಕಲೇಶಪುರದ ಕಡೆ ಕನಸು ಕಾಣುವ ಯುವಕರಿಗೆ ಇದು ತಿಳಿದಿರಬೇಡವೇ? ತೋಟಕ್ಕೆ ವಾಪಸ್ ಬರಬೇಕೆನ್ನುವವನಿಗೆ ಬಿ.ಕಾಂ. ದಂಡದ ಓದಲ್ಲ, ತೋಟದ ಕೆಲಸವೇ. ಇನ್ನೂ ಮುಂದೆ ಹೋಗುವವರಿಗೆ ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ ಭಾರತೀಯ ಪ್ಲಾಂಟೇಷನ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ, ಕಾಫಿ ಮಂಡಳಿಯ ಗುಣಮಟ್ಟ ಪರೀಕ್ಷೆಯ ಕೋರ್ಸ್ ಇದೆ. ನಮ್ಮ ಮಕ್ಕಳು ಆ ಹೆಸರುಗಳನ್ನೇ ಕೇಳಿರುವುದಿಲ್ಲ.

ನಂಬಿಕೆ: ‘ಒಮ್ಮೆ ಹಾದಿ ಬದಲಿಸಿದವನು ಎಲ್ಲೂ ನೆಲೆ ನಿಲ್ಲಲ್ಲ.’

ಸತ್ಯ: ನಮ್ಮದೇ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೇನೆಯ ಅಧಿಕಾರಿಯಾಗಿದ್ದವರು. ಅದನ್ನು ಬಿಟ್ಟು, ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲು ಸಿಕ್ಕ ಬರಡು ನೆಲದಲ್ಲಿ ಕೃಷಿಗಿಳಿದರು. ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು, 1997ರಲ್ಲಿ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್. ಆ ವಿಮಾನ ಸಂಸ್ಥೆ ನಷ್ಟ ಕಂಡು ಮುಂದೆ ಕಿಂಗ್‌ಫಿಷರ್ ಜೊತೆ ಸೇರಿಹೋಯಿತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಹಾದಿ ಬದಲಿಸಿದವರೆಲ್ಲ ಗೆಲ್ಲುತ್ತಾರೆ ಎಂದಲ್ಲ. ಅವರು ಪ್ರತಿ ಸಲ ಬದಲಿಸಿದಾಗಲೂ ಹಿಂದಿನ ಕೆಲಸದಲ್ಲಿ ಕಲಿತದ್ದನ್ನು ಜೊತೆಗೆ ಒಯ್ದರು.

ನಂಬಿಕೆ: ‘ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಾಲೇಜಿನಲ್ಲಿದೆ, ಇನ್ನು ಬಿಡೋಕಾಗಲ್ಲ.’

ಸತ್ಯ: 2018ರ ಯು.ಜಿ.ಸಿ. ಅಧಿಸೂಚನೆ ಪ್ರಕಾರ ಕಾಲೇಜುಗಳು ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ. ಪರಿಶೀಲಿಸಿ ವಾಪಸ್ ಕೊಡಬೇಕು. ಪ್ರವೇಶದ ಕೊನೆಯ ದಿನಾಂಕ ಕಳೆದು 15 ದಿನದೊಳಗೆ ಬಿಟ್ಟರೆ ಶುಲ್ಕದ ಶೇ 80, ಮುಂದಿನ 15 ದಿನದಲ್ಲಿ ಬಿಟ್ಟರೆ ಶೇ 50 ವಾಪಸ್ ಬರಬೇಕೆಂದು ಅದರಲ್ಲಿದೆ, ಆಮೇಲೆ ಏನೂ ಇಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪಡೆಯುವವರು ಇನ್ನೊಂದು ಕಡೆ ಎಚ್ಚರ ವಹಿಸಬೇಕು. ಮುಂಚಿತ ಅನುಮತಿ ಇಲ್ಲದೆ ಕೋರ್ಸ್ ಅಥವಾ ಕಾಲೇಜು ಬದಲಿಸಿದರೆ ಆ ವೇತನ ನಿಲ್ಲಬಹುದು. ಆದ್ದರಿಂದ ಟಿ.ಸಿ.ಗೆ ಅರ್ಜಿ ಕೊಡುವ ಮೊದಲು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ಕೇಳಿ, ಉತ್ತರವನ್ನು ಬರೆಸಿಕೊಂಡು ಬನ್ನಿ.